ಹಗ್ಗದ ಮೇಲೆ ಒಣಗಿದ ಇಂಗ್ಲಿಷು

ಜನವರಿ ೧೩, ಸಂಜೆ ೫.೪೦. ಪ್ರಕರಣ ಶುರುವಾದದ್ದು ಆಗ.

ನಮ್ಮ ಸೋದರತ್ತೆ ಇಂಗ್ಲಿಷನ್ನು ಹಗ್ಗದ ಮೇಲೆ ಒಣಹಾಕುತ್ತಾರೆ. ನಗಬೇಡಿ, ನಾನು ಎಣಿಸಿದ್ದೇನೆ: ಎರಡು ಹಗ್ಗ, ನೂರ ನಲವತ್ತು ವಾಕ್ಯ! ಧಾರವಾಡದವರು, ಮದುವೆಯಾಗಿ ಗುಜರಾತಿನ ಕೊಯಾಲಿಯ ರಿಫೈನರಿ ಕಾಲೊನಿಗೆ ಬಂದು, ಐವತ್ತೆರಡನೇ ವಯಸ್ಸಿನಲ್ಲಿ ಪಿಎಚ್‌ಡಿಗೆ ನಿಂತಿದ್ದಾರೆ. ವಿಷಯ: ಸಂಶೋಧನಾ ಲೇಖನಗಳಲ್ಲಿ ಯಾರ ವಾಕ್ಯ ಹೆಚ್ಚು ಜಟಿಲ? ಇಂಗ್ಲಿಷ್ ಮನೆಮಾತಾದವರದೋ, ನಮ್ಮಂತೆ ಕಲಿತವರದೋ? ಒಂದೊಂದು ವಾಕ್ಯವನ್ನೂ ಕಾಗದದ ಪಟ್ಟಿಯಾಗಿ ಕತ್ತರಿಸಿ ತಾರಸಿಯಲ್ಲಿ ನೇತುಹಾಕುವುದು ಅತ್ತೆಯ ವಿಧಾನ. ಮನೆಮಾತಿನವರಿಗೆ ಕೆಂಪು ಕ್ಲಿಪ್ಪು, ಕಲಿತವರಿಗೆ ನೀಲಿ. ಕೆಲವು ವಾಕ್ಯಗಳಂತೂ ನೆಲ ಗುಡಿಸುತ್ತಿದ್ದವು!

"ಬೆನ್, ಇದೆಲ್ಲ ಯಾವಾಗ ಒಣಗುತ್ತೆ?" ಎಂದು ಪಕ್ಕದ ಮನೆಯಾಕೆ ಗುಜರಾತಿಯಲ್ಲಿ (ಬೆನ್ ಎಂದರೆ ಅಕ್ಕ) ಕೇಳಿದರೆ, "ಡಿಗ್ರಿ ಸಿಕ್ಕ ಮೇಲೆ" ಎಂದು ಅತ್ತೆ ಗುಜರಾತಿಯಲ್ಲೇ ಹೇಳುತ್ತಿದ್ದರು.

ಸಿಗಬೇಕಲ್ಲ! ಫತೇಗಂಜಿನ ಯೂನಿವರ್ಸಿಟಿಯ ಗೈಡ್ ಸಾಹೇಬರು ಥೀಸಿಸ್‌ಗೆ ಸಹಿ ಹಾಕಲೊಲ್ಲರು. "ಇಂಗ್ಲಿಷ್ ಬಹುತ್ ಸಿಂಪಲ್ ಹೈ, ಬೆನ್. ಅಂಗ್ರೇಜ್ ಜೈಸಾ ಲಿಖೋ." ತೀರಾ ಸರಳವಂತೆ; ಇಂಗ್ಲಿಷರ ಹಾಗೆ ಪೂರ್ತಿ ತಿರುಗಿ ಬರೆಯಬೇಕು, ಇಲ್ಲವಾದರೆ ಐದು ವರ್ಷದ ಕೆಲಸ ಅಲ್ಲಿಗೇ ನಿಂತಿತು. ಅತ್ತೆ ಒಂದಕ್ಷರ ಬದಲಿಸಲಿಲ್ಲ.

ಎರಡು ಗಂಟೆ ದಾರಿಯ ಬೋಪಾಲ್‌ನಿಂದ (ಭೋಪಾಲ್ ಅಲ್ಲ) ಹಬ್ಬಕ್ಕೆ ಹೋಗಿದ್ದ ನಾನು ಸುಮ್ಮನಿರಬೇಕಿತ್ತು. ಮರುದಿನ ಉತ್ತರಾಯಣ, ಗಾಳಿಪಟದವರು ತಾರಸಿ ತುಂಬುತ್ತಾರೆ. ನೆರವಾಗೋಣವೆಂದು ಪಟ್ಟಿಗಳನ್ನೆಲ್ಲ ಬಿಚ್ಚಿ, ಉದ್ದದ ಪ್ರಕಾರ ಜೋಡಿಸಿ, ಕ್ಲಿಪ್ಪುಗಳನ್ನು ಬಣ್ಣವಾರು ಡಬ್ಬಿಗೆ ಹಾಕಿದೆ. ಎಂಥ ಅಚ್ಚುಕಟ್ಟು!

"ಇದರಾಗ ಯಾವುದು ಯಾರದೋ?" ಎಂದರು ಅತ್ತೆ.

"ಉದ್ದದ ಪ್ರಕಾರ ಇಟ್ಟೀನಲ್ಲ ಅತ್ಯಾ."

"ಮೂಳಾ! ಕ್ಲಿಪ್ ತಗದಿ, ಇಂಗ್ಲಂಡೂ ಹೋತು, ಇಂಡಿಯಾನೂ ಹೋತು!"

ದಂಡವಾಗಿ ರಜೆ ಮುಂದುವರಿಸಿ, ಮೂಲ ಲೇಖನಗಳೊಂದಿಗೆ ಮೂರು ದಿನ ತಾಳೆ ನೋಡಿದೆ. ಮೂರನೆಯ ದಿನ ಅತ್ತೆ ಥಟ್ಟನೆ ನಕ್ಕರು. "ಇಷ್ಟು ವರ್ಷ ನೋಡಿದ ನನಗ ಯಾವುದು ಯಾರದಂತ ಗುರ್ತು ಹತ್ತವಲ್ದು. ಸರ್‌ಗೆ ಹತ್ತತದೇನು?"

ಜನವರಿ ೧೭, ಬೆಳಗ್ಗೆ ೧೧.೧೫. ಗೈಡ್ ಸಾಹೇಬರ ಮೇಜಿನ ಮೇಲೆ ಅತ್ತೆ ಇಪ್ಪತ್ತು ಪಟ್ಟಿ ಹರಡಿದರು. "ಇಸ್ ಮೇಂ ಅಂಗ್ರೇಜ್ ಕೌನ್, ಸರ್?" ಸಾಹೇಬರು ಕನ್ನಡಕ ಏರಿಸಿದರು, ಇಳಿಸಿದರು, ಇಂಗ್ಲಿಷರದು ಈ ಕಡೆ, ಕಲಿತವರದು ಆ ಕಡೆ ಎಂದು ವಿಂಗಡಿಸಿದರು. ನಾನು ಬರೆದುಕೊಂಡೆ: ಸರಿ ಒಂಬತ್ತು, ತಪ್ಪು ಹನ್ನೊಂದು. ನಾಣ್ಯ ಚಿಮ್ಮಿದ್ದರೂ ಇಷ್ಟೇ ಸಿಗುತ್ತಿತ್ತಲ್ಲವೇ? ಕೊನೆಯ ಪಟ್ಟಿಯನ್ನಂತೂ ಎತ್ತಿ ಹಿಡಿದು ಮೆಚ್ಚಿದರು: "ದೇಖೋ, ಅಸಲಿ ಅಂಗ್ರೇಜ್! ಕಿತನಾ ಸಾಫ್!"

"ವೋ ಮೇರಾ ಹೈ, ಸರ್. ಥರ್ಡ್ ಚಾಪ್ಟರ್." ಅತ್ತೆ ತಮ್ಮದೇ ಥೀಸಿಸ್ಸಿನ ಒಂದು ವಾಕ್ಯವನ್ನು ನಡುವೆ ಸೇರಿಸಿದ್ದರು!

ಸಾಹೇಬರು ಹೊಟ್ಟೆ ಕುಲುಕುವಂತೆ ನಕ್ಕು, ಪೆನ್ನು ತೆಗೆದರು. ಸಹಿ!

ಅಂದು ಸಂಜೆ ಮಾವನ ಕೈಗೆ ಅತ್ತೆ ಮೊದಲ ಬಾರಿ ಥೀಸಿಸ್ ಕೊಟ್ಟರು. ಮಾವ ರಿಫೈನರಿಯಲ್ಲಿ ಆಪರೇಟರ್, ಓದಿದ್ದು ಐಟಿಐ. ಪಾಳಿ ಮುಗಿಸಿ ಬಂದು ದಿನವೂ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರಂತೆ. ಮುಂದಿನ ವಾರ ನಾನು ಹೋದಾಗ ಕೊನೆಯ ಪುಟದಲ್ಲಿದ್ದರು.

"ತಿಳೀತೇನ್ರೀ?" ಅತ್ತೆಯ ದನಿ ಗೈಡ್ ಮುಂದೆಯೂ ಹೀಗೆ ನಡುಗಿರಲಿಲ್ಲ.

"ಎಲ್ಲಾ ತಿಳೀತು. ಐದು ವರ್ಷ ನೀ ಮಾಡ್ತಿದ್ದದ್ದು ಇದನ್ನೇನು? ಭಾಳ ಛಲೋ ಅದಲ್ಲ!"

"ನಿಮಗ ತಿಳೀಲಂತನ ಹಂಗ ಬರದದ್ದು."

ಪಿಎಚ್‌ಡಿ ಥೀಸಿಸನ್ನು ಮನೆಯವರು ಮೊದಲಿನಿಂದ ಕೊನೆಯವರೆಗೆ ಓದಿದ ಪ್ರಸಂಗ ನನ್ನ ಡೈರಿಯಲ್ಲಿ ಈವರೆಗೆ ಒಂದೇ ಒಂದು. ಎರಡನೆಯದು ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ.