ಹಾನಗಲ್ಲ ಅಜ್ಜನ ವಸಡು

ವಯಸ್ಸಾದವರ ಬಾಯಿ ಅಂದ್ರ ನಗಿಯ ಹಗೇವು ರೀ, ಕಾಳು ತುಂಬಿದ ನೆಲಗುಂಡಿ ಹಂಗ ಬಗ್ಗಿ ತೆಗದಷ್ಟೂ ಬರತೈತಿ. ನಾ ಹರೇದಾಂವ ಇದ್ದಾಗ, ಬ್ರಿಟಿಷರ ಕಾಲದಾಗ, ಸವಣೂರ ವೀಳ್ಯದೆಲಿ ಚಕ್ಕಡ್ಯಾಗ ಹೇರಿಕೊಂಡು ಸುತ್ತಲಿನ ಸಂತಿ ತಿರಗತಿದ್ದೆ. ಹಸಿ ಎಲಿ ವಾಸನಿಗೆ ನನ್ನ ಕಣ್ಣು ಮುಚ್ಚತಿದ್ವು, ಎತ್ತುಗಳೂ ನಿದ್ದಿಗಣ್ಣಾಗ ನಡೀತಿದ್ವು. ಎಷ್ಟೋ ಸಲ ನಾವು ಊರಿಗೆ ಹೋಗಿಲ್ಲ, ಊರೇ ಮಂಜಿನಾಗ ತೇಲಿ ಬಂದು ಚಕ್ಕಡಿ ಮುಂದ ನಿಂತೈತಿ. ಆ ಎತ್ತು ಇವತ್ತ ಇದ್ದಿದ್ರ ಸಾಕ್ಷಿ ಹೇಳತಿದ್ವು.

ಹಾನಗಲ್ಲಾಗ

ಅಲ್ಲಿ ಕೆರಿ ಹತ್ರದ ಮನಿ ಹುಡುಗಿ ಮ್ಯಾಲ ನನ್ನ ಮನಸ್ಸು. ಎರಡೂ ಕಡೆ ಒಪ್ಪಿದ್ರು. ಆದ್ರ ಅವರದೊಂದು ಪದ್ಧತಿ: ಮನಿ ಹಿರಿಯ ಎಲ್ಲಾರ ಎದುರು ಎಲಿ-ಅಡಿಕಿ ಜಗದು ತುಟಿ ಕೆಂಪ ಮಾಡಿದ ಮ್ಯಾಲೇ ಮಾತು ಗಟ್ಟಿ. ಹಿರಿಯ ಅಂದ್ರ ಹುಡುಗಿ ಅಜ್ಜ. ಅಜ್ಜನ ವಸಡು ಬದನಿಕಾಯಿ ಹಂಗ ಬಾತಿದ್ವು.

"ಅಜ್ಜಾರ, ಕುಟ್ಟಾಣ್ಯಾಗ ಕುಟ್ಟಿ ಕೊಡ್ಲೇನ್ರಿ?" ಅಂದೆ.

"ಕುಟ್ಟಿದ್ದು ತಿನ್ನಾಕ ನಾ ಏನ್ ಮುದುಕ ಆಗೇನೇನಲೇ?" ಅಂದ. ಆವಾಗ ಅವನ ಮಗನ ಮೀಸೀನೇ ಬೆಳ್ಳಗಾಗಿತ್ತು.

ಸವಣೂರಾಗ

ನಮ್ಮೂರ ಹಕೀಮ ಸಾಹೇಬ್ರನ್ನ ಕೇಳಿದೆ.

"ತಂಬಾಕ ಹಾಕತಾನೇನು?"

"ಎಡಗಲ್ಲದಾಗ ಯಾವಾಗ್ಲೂ ಒಂದು ಉಂಡಿ ಇರತೈತ್ರಿ."

"ಬಿಡಸು. ವಸಡು ತಾನ ಇಳೀತಾವ."

ಹೋಗಿ ಅಜ್ಜನ ಕಾಲಿಗೆ ಬಿದ್ದೆ. ಪಾಪ, ಅವತ್ತೇ ಆಣಿ ಮಾಡಿದ. ಮುಂದಿನ ಸಂತಿಗೆ ಹೋದ್ರ ಬಲಗಲ್ಲ ಉಬ್ಬಿತ್ತು. "ಆ ಕಡೆ ಬಿಟ್ಟೇನಲ್ಲಪಾ!" ಅಂದ.

ಶಿಗ್ಗಾಂವ್ಯಾಗ

ಅಲ್ಲಿ ಕ್ಷೌರ ಮಾಡಾಂವ ಹಲ್ಲೂ ಕೀಳತಿದ್ದ. ಇಕ್ಕಳ ತೆಗೆದ್ರ ರೋಗಿ ಶಿಗ್ಗಾಂವಿಂದ ಬಂಕಾಪುರಕ್ಕ ಒಂದ ಉಸಿರಿಗೆ ಓಡತಿದ್ದ.

"ಏನ್ ಹಚ್ಚಿ ತಿಕ್ಕತಾನ?"

"ಇಟ್ಟಂಗಿ ಪುಡಿ."

"ಬಾಯಿ ತೊಳ್ಯಾಕತ್ತಾನೋ, ಭಾಂಡೆ ಬೆಳಗಾಕತ್ತಾನೋ? ಉಪ್ಪುನೀರು ಮುಕ್ಕಳಸಾಕ ಹೇಳು."

ಅಜ್ಜ ಮುಕ್ಕಳಿಸಿದ, ಗಟಗಟ ನುಂಗಿದ. "ಉಗಳ್ರಿ!" ಅಂದ್ರ ನನ್ನ ಮ್ಯಾಲೇ ಸಿಟ್ಟಾದ: "ಸರ್ಕಾರ ಉಪ್ಪಿನ ಮ್ಯಾಲ ಕರ ಹಾಕೈತಿ, ಉಗಳಾಕ ಬರತೈತೇನಲೇ?"

ಹಿರೇಕೆರೂರಾಗ

ನಮ್ಮ ಸೋದರತ್ತಿ ಬೈದ್ಲು: "ವಯಸ್ಸಾದಾಂವಗ ಕಟಕ್ ರೊಟ್ಟಿ ಯಾಕ ಕೊಡತಾರ? ಅಂಬಲಿ ಕುಡಸ್ರಿ, ನೆಲ್ಲಿಕಾಯಿ ಕೊಡ್ರಿ."

ಕೊಟ್ರು. ಅಜ್ಜ ಅಂಬಲಿ ನೋಡಿ ಭಾಳ ಖುಷಿಯಾದ. ಅದರಾಗ ಕಟಕ್ ರೊಟ್ಟಿ ಮುರಕೊಂಡು ಉಂಡ.

ಮಾತು ಗಟ್ಟಿ ಮಾಡೋ ದಿನ

ಅವತ್ತು ಕೆರಿ ಮ್ಯಾಲಿನ ಮಂಜು ಪಡಸಾಲ್ಯಾಗ ಬಂದು ಬೀಗರ ನಡುವ ಕುಂತಿತ್ತು. ಬಾಗಿಲ ಮರಿಗೆ ಹುಡುಗಿ ಕೈಬಳಿ ಸಪ್ಪಳ. ಅದು ನನಗ ಕನಸಿನ ಆಚಿ ದಂಡ್ಯಾಗ ಯಾರೋ ನೀರು ತುಂಬಿದಂಗ ಕೇಳತಿತ್ತು. ಅಜ್ಜ ಜಗೀಲಿಲ್ಲಂದ್ರ ಆ ಸಪ್ಪಳ ಇನ್ನೊಬ್ಬನ ಮನಿಗೆ ಹೋಗತೈತಿ.

ಎಲಿ ಅಂದ್ರ ನನ್ನ ಕಸಬು ಅಂತ ತಬಕ ನನ್ನ ಮುಂದ ಇಟ್ಟಿದ್ರು. ನಾ ಎಲಿ ಒರಸಿ, ಸುಣ್ಣದ ಡಬ್ಬಿ ತೆಗ್ಯೋದ್ರಾಗ ಅಜ್ಜ ಎಲಿ ಅಡಿಕಿ ಕಸಗೊಂಡು ಬಾಯಾಗ ಒಗದ. ಕಟಕ್ ಅಂತ ಒಮ್ಮೆ ಜಗದ. ಕಣ್ಣಾಗ ದಳದಳ ನೀರು.

"ಮೊಮ್ಮಗಳು ಹೋಗತಾಳಂತ ಅಳಾಕತ್ತಾನ," ಅಂತ ಹೆಂಗಸರೂ ಸೆರಗ ಕಣ್ಣಿಗೆ ಹಚ್ಚಿದ್ರು.

ಅಜ್ಜ ತುಟಿ ತೆಗೆದ. ಕೆಂಪಂದ್ರ ಕೆಂಪು!

"ಮಾತು ಗಟ್ಟಿ ಆತ್ರಿ!" ನಮ್ಮಪ್ಪ ಕೂಗಿದ. ಸನಾದಿ ಊದಿದ್ರು. "ಸವಣೂರ ಎಲಿ ನೋಡ್ರಿ, ಏನ್ ಲಗೂ ಬಣ್ಣ ಬಿಡತೈತಿ!" ಅಂತ ಬೀಗರು ಹೊಗಳಿದ್ದೇ ಹೊಗಳಿದ್ದು.

ಸುಣ್ಣ ಇಲ್ಲದ ಎಲಿ ಕೆಂಪಾಗಂಗಿಲ್ಲ. ಸುಣ್ಣದ ಡಬ್ಬಿ ಇನ್ನೂ ನನ್ನ ಕೈಯಾಗ ಇತ್ತು. ಆ ಕೆಂಪು ಎಲೀದಲ್ಲ, ವಸಡಿಂದು! ನಾ ಡಬ್ಬಿ ಸುಮ್ನ ರುಮಾಲಿನಾಗ ತುರಕಿದೆ.

ಅಜ್ಜ ನನ್ನ ಕಿವಿ ಹಿಡದು ಹತ್ರ ಎಳದು ಪಿಸುಗುಟ್ಟಿದ: "ಲಗೂನ ತಾಳಿ ಕಟ್ಟಲೇ. ಯಾರರ ಇನ್ನೊಮ್ಮೆ ಜಗಿ ಅಂದ್ರ ಮದುವಿ ಮುರೀತೇನಿ!"