ಮುಂಗೋಪಿ ಹೋರಿಯ ಪೇಜಿಗೆ ನಾನೇ ಹಾಕಿದ ಬೀಗ

ಒಂದು ಹೋರಿಗೆ ಅಭಿಮಾನಿ ಬಳಗ ಕಟ್ಟಿ ಕುಳಿತವರ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ, ಬೇಡವೆಂದರೂ ಬಿಡುವುದಿಲ್ಲ. ನಾನು ರಾಣೆಬೆನ್ನೂರಿನಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುವ ಹೆಂಗಸು. ಹತ್ತು ವರ್ಷ ಹಲಗೇರಿಯ ಒಂದು ಹೋರಿಯ ಪೇಜಿಗೆ ಅಡ್ಮಿನ್ ಆಗಿದ್ದೆ. ಈಗ ಆ ಪೇಜ್ ಇಲ್ಲ. ಯಾರೋ ಮುಚ್ಚಿಸಿದರು ಎಂದು ಹಾವೇರಿಯಲ್ಲಿ ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರಂತೆ. ಯಾರೂ ಮುಚ್ಚಿಸಿಲ್ಲ, ನಾನೇ ಮುಚ್ಚಿದ್ದು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕಡೆ ದೀಪಾವಳಿ ಮುಗಿಯುತ್ತಿದ್ದಂತೆ ಹೋರಿ ಹಬ್ಬ ಶುರುವಾಗುತ್ತದೆ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಬೆನ್ನ ಮೇಲೆ ಜೂಲಾ ಎಂಬ ಬಣ್ಣದ ಬಟ್ಟೆ ಹೊದಿಸಿ, ಜನರ ನಡುವೆ ಓಡಲು ಬಿಡುತ್ತಾರೆ. ಹುಡುಗರು ಕೊಬ್ಬರಿ ಕೀಳಲು ಮುಗಿಬೀಳುತ್ತಾರೆ. ಯಾರ ಕೈಗೂ ಸಿಗದೆ ಪಾರಾದ ಹೋರಿಯೇ ಹೀರೋ. ಹೀರೋ ಅಂದ ಮೇಲೆ ಹೆಸರು, ಬ್ಯಾನರ್, ಟೀ ಶರ್ಟ್, ಪೇಜ್ ಎಲ್ಲವೂ ಬೇಕು. ನಮ್ಮ ಹೋರಿಯ ಹೆಸರು ಮುಂಗೋಪಿ.

೧. ಮೊದಲ ಫೋಟೋ

ಮುಂಗೋಪಿಯ ಮೊದಲ ಜೂಲಾ ಹೊಲಿದವಳು ನಾನು. ಕೆಂಪು ಮಖಮಲ್ಲು, ಹಸಿರು ಅಂಚು, ನಡುವೆ ಕನ್ನಡಿ ಚೂರುಗಳು. ಹದಿನೈದು ದಿನ ಕಣ್ಣು ಕೀಳುವಷ್ಟು ಕೆಲಸ. ಊರೆಲ್ಲ ನೋಡಲಿ ಎಂದು ಅದನ್ನು ಹೋರಿಯ ಮೇಲೆ ಹೊದಿಸಿ ಫೋಟೋ ತೆಗೆದು, ಹೋರಿಯ ಹೆಸರಿನಲ್ಲಿ ಪೇಜ್ ತೆರೆದು ಹಾಕಿದೆ. ಕೆಳಗೆ ಬರೆದೆ: ‘ನಾನೇ ಹೊಲಿದ ಜೂಲಾ. ಹೇಗಿದೆ?’

ಅರ್ಧ ತಾಸಿನಲ್ಲಿ ಮೊದಲ ಉತ್ತರ ಬಂತು. ‘ಹೋರಿ ಜಬರ್ದಸ್ತ್ ಐತಿ ಅಣ್ಣಾ.’ ಆಮೇಲೆ ಸಾಲುಸಾಲಾಗಿ ಬಂದವು. ಕೋಡು ಹೊಗಳಿದರು, ಬೆನ್ನ ಮೇಲಿನ ಇಣಿ ಹೊಗಳಿದರು, ಬಾಲ ಕೂಡ ಹೊಗಳಿದರು. ಜೂಲಾದ ಸುದ್ದಿ ಒಬ್ಬನೂ ಎತ್ತಲಿಲ್ಲ.

‘ನಾನು ಅಣ್ಣ ಅಲ್ಲ, ಟೇಲರ್’ ಎಂದು ಬರೆದೆ.

‘ಆತ್ರಿ ಟೇಲರ್ ಅಣ್ಣಾ’ ಎಂದರು.

ಮೂರು ಸಲ ತಿದ್ದಿದೆ. ನಾಲ್ಕನೆಯ ಸಲ ಅಣ್ಣನಾಗಿಯೇ ಉಳಿದೆ. ಅಣ್ಣನಾದ ಮೇಲೆ ನಾನು ಹೇಳಿದ್ದನ್ನು ಎಲ್ಲರೂ ಕೇಳುತ್ತಿದ್ದರು ಅನ್ನುವುದೂ ಖರೆ. ಹದಿನೆಂಟು ವರ್ಷದ ಸಂಸಾರದಲ್ಲಿ ಆ ಸುಖ ನನಗೆ ಸಿಕ್ಕಿರಲಿಲ್ಲ.

೨. ಹನ್ನೊಂದು ದಿನ

ಬ್ಯಾಡಗಿಯಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಬೇರೊಂದು ಹೋರಿಯ ಕಡೆಯವನು. ನಮ್ಮ ಪೇಜಿಗೆ ಸೇರಿಕೊಂಡದ್ದೇ ಜಗಳ ತೆಗೆಯಲಿಕ್ಕೆ. ಒಂದು ವರ್ಷ ಮುಂಗೋಪಿ ಓಟದ ಕೊನೆಯ ಗೆರೆ ದಾಟುವ ಹೊತ್ತಿಗೆ ಕೊರಳಿನಿಂದ ಒಂದು ಕೊಬ್ಬರಿ ನೆಲಕ್ಕೆ ಬಿತ್ತು. ಹುಡುಗರು ಕಿತ್ತರು ಎಂದು ಅವನ ವಾದ. ದಾರ ಹರಿದು ತಾನೇ ಬಿತ್ತು ಎಂದು ನನ್ನ ವಾದ. ಕೊಬ್ಬರಿ ಪೋಣಿಸಿದ ದಾರವೂ ನನ್ನ ಅಂಗಡಿಯದೇ, ಅದರ ತಾಕತ್ತು ನನಗೆ ಗೊತ್ತಿತ್ತು.

ಹನ್ನೊಂದು ದಿನ ನಡೆಯಿತು. ಅವನು ವಿಡಿಯೋ ನಿಲ್ಲಿಸಿ ಗೆರೆ ಎಳೆದು ಕಳಿಸಿದ. ನಾನು ಅದೇ ವಿಡಿಯೋ ತಿರುಗಿಸಿ ಇನ್ನೊಂದು ಗೆರೆ ಎಳೆದು ಕಳಿಸಿದೆ.

ಹತ್ತನೆಯ ದಿನ ನನ್ನ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದಳು. ತವರು ರಾಣೆಬೆನ್ನೂರು, ಕೊಟ್ಟದ್ದು ಬ್ಯಾಡಗಿಗೆ. ತೋಳಿನ ಅಳತೆ ಕೊಡುತ್ತ ಗೋಳು ಹೇಳಿಕೊಂಡಳು.

“ನಮ್ಮ ಮನಿಯವರಿಗೆ ಏನಾಗೈತೋ ಗೊತ್ತಿಲ್ರಿ. ಮೊಬೈಲಿನಾಗ ಯಾಂವನ ಜೋಡಿನೋ ಜಗಳ ಹಚ್ಯಾರ. ಒಂದು ಹೋಳು ಕೊಬ್ಬರಿ ಸಲುವಾಗಿ ಹತ್ತು ದಿನ ಆತು, ಮನ್ಯಾಗ ಸರಿಯಾಗಿ ಊಟ ಮಾಡವಲ್ಲರು.”

ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು ತೋಳು ಎಷ್ಟು ಉದ್ದ ಬೇಕು ಎಂದು ಕೇಳಿದೆ.

“ಮೊಣಕೈ ಮಟ ಇರ್ಲಿ. ಅಲ್ರೀ, ಆ ಮನುಷ್ಯಾಗೂ ಬ್ಯಾರೆ ಕೆಲಸ ಇಲ್ಲ ಅಂದ್ರ ಹೆಂಗ? ಅವಂಗ ಹೆಂಡತಿ ಇಲ್ಲೇನು?”

“ಇರಾಕಿಲ್ಲ ಬಿಡ್ರಿ” ಎಂದೆ.

೩. ಹುಟ್ಟುಹಬ್ಬ

ಹಾವೇರಿಯ ಅಭಿಮಾನಿಗಳಿಗೆ ಮುಂಗೋಪಿಯ ಹುಟ್ಟುಹಬ್ಬ ಮಾಡುವ ಉಮೇದು ಬಂತು. ತಾರೀಖು ಕೇಳಲು ನಾನು ಹಲಗೇರಿಗೆ ಹೋಗಿ ಹೋರಿಯ ಮಾಲೀಕನನ್ನು ಕಂಡೆ. ಮಿತಭಾಷಿ ರೈತ, ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಅದೂ ಇಲ್ಲ.

“ಜ್ವಾಳ ಬಿತ್ತೂ ಮುಂದ ಹುಟ್ಟೈತಿ” ಎಂದ.

“ಯಾವ ತಾರೀಖು?”

“ನನ್ನ ತಾರೀಖ ನನಗ ಗೊತ್ತಿಲ್ಲ, ಅದರದ್ದು ಎಲ್ಲಿಂದ ತರ್ಲಿ?”

ನಾವೇ ಒಂದು ಭಾನುವಾರ ಗೊತ್ತು ಮಾಡಿದೆವು. ಹಾವೇರಿಯಿಂದ ಮೂವತ್ತು ಹುಡುಗರು ಹೋರಿಯ ಚಿತ್ರವಿದ್ದ ಕೇಕು ಹಿಡಿದುಕೊಂಡು, ಬಿಳಿ ಟೀ ಶರ್ಟು ತೊಟ್ಟು ಬೈಕಿನಲ್ಲಿ ಬಂದಿಳಿದರು. ನಾನು ಅಡುಗೆ ಮನೆಯ ಬಾಗಿಲಲ್ಲಿ ಹೆಂಗಸರ ನಡುವೆ ನಿಂತಿದ್ದೆ, ಅಡ್ಮಿನ್ ಎಂದು ಯಾರಿಗೂ ತಿಳಿಯಲಿಲ್ಲ. ಮಾಲೀಕ ಎಲ್ಲರನ್ನೂ ಕೂರಿಸಿ ನೀರು ಕೊಟ್ಟು ಕೇಳಿದ, “ನೀವೆಲ್ಲಾ ಹೋರಿ ಅಭಿಮಾನಿಗಳು, ಹೌದಿಲ್ಲೋ?”

“ಹೌದ್ರಿ” ಎಂದು ಹುಡುಗರು ಎದೆಯುಬ್ಬಿಸಿದರು.

“ಜೀವಕ್ಕಿಂತ ಹೆಚ್ಚು ಅಂತ ಬರದಿರಂತಲ್ಲ ಮೊಬೈಲಿನಾಗ?”

“ಜೀವಕ್ಕಿಂತ ಹೆಚ್ಚುರಿ.”

ಮಾಲೀಕ ಮೂಲೆಯಲ್ಲಿದ್ದ ಬುಟ್ಟಿ, ಸಲಿಕೆ ತೋರಿಸಿದ. “ಹಂಗಾದ್ರ ಮೊದಲ ಕೊಟ್ಟಿಗಿ ಸಗಣಿ ತೆಗೀರಿ. ಆಮ್ಯಾಲ ನಿಮ್ಮ ಕೇಕು.”

ಬಿಳಿ ಟೀ ಶರ್ಟುಗಳು ಸಂಜೆಗೆ ಯಾವ ಬಣ್ಣವಾಗಿದ್ದವು ಎಂದು ನಾನು ಹೇಳುವುದಿಲ್ಲ. ಮುಂಗೋಪಿ ಕೇಕಿನ ವಾಸನೆ ನೋಡಿ ಮುಖ ತಿರುಗಿಸಿತು. ಮರುದಿನ ಪೇಜಿನಲ್ಲಿ ಹಾವೇರಿ ಶಾಖೆಯವರ ಮನವಿ ಬಂದಿತ್ತು: ‘ಅಡ್ಮಿನ್ ಅಣ್ಣಾ, ಮುಂದಿನ ವರ್ಷದಿಂದ ಹುಟ್ಟುಹಬ್ಬ ಆನ್‌ಲೈನ್ ಮಾಡೂಣು.’

೪. ಕಾಗಿನೆಲೆಯ ಕನ್ಯೆ

ನಮ್ಮ ಪೇಜಿನಲ್ಲಿ ಎಲ್ಲರಿಗಿಂತ ಬಿರುಸಾಗಿ ಬರೆಯುತ್ತಿದ್ದ ಹುಡುಗಿ ಕಾಗಿನೆಲೆಯವಳು. ಅವಳನ್ನು ನೋಡಲು ಒಂದು ವರ ಬಂತು. ಹಿರಿಯರು ಹೊಲ, ಮನೆ, ಕೆಲಸ ಎಲ್ಲ ಮಾತಾಡಿದರು. ನಿನಗೇನಾದರೂ ಕೇಳುವುದಿದೆಯೇ ಎಂದಾಗ ಹುಡುಗಿ ಒಂದೇ ಮಾತು ಕೇಳಿದಳಂತೆ. “ನಿಮ್ಮದು ಯಾವ ಹೋರಿ?”

ಸಭ್ಯನಂತೆ ಕಾಣಬೇಕೆಂದು ಹುಡುಗ, “ಛೇ ಛೇ, ನನಗ ಆ ಹುಚ್ಚೆಲ್ಲಾ ಇಲ್ರಿ” ಎಂದ. ಹುಡುಗಿ ಎದ್ದು ಒಳಗೆ ಹೋದಳು. ಹೋರಿ ಹುಚ್ಚಿಲ್ಲದವನ ಜೊತೆ ಸಂಸಾರ ಮಾಡುವುದು ಹೇಗೆ ಎಂದು ತಾಯಿಯ ಮುಂದೆ ಅತ್ತಳಂತೆ.

ಅದೇ ದಿನ ಆ ಹುಡುಗ ನನಗೆ ಸಂದೇಶ ಕಳಿಸಿದ. ‘ಅಣ್ಣಾ, ನಾನು ಆರು ವರ್ಷದಿಂದ ಮುಂಗೋಪಿ ಬಳಗದಾಗ ಅದೇನಿ. ಒಂದು ಸರ್ಟಿಫಿಕೇಟ್ ಬರದು ಕೊಡ್ರಿ, ನನ್ನ ಬಾಳೇವು ನಿಮ್ಮ ಕೈಯಾಗ ಐತಿ.’

ಬರೆದುಕೊಟ್ಟೆ. ‘ಆರು ವರ್ಷದ ಸದಸ್ಯ. ನಡತೆ ಉತ್ತಮ. ಎದುರು ಪಾರ್ಟಿಯ ಹೋರಿಗೆ ಒಮ್ಮೆಯೂ ಲೈಕ್ ಕೊಟ್ಟಿಲ್ಲ.’ ಕೆಳಗೆ ಅಂಗಡಿಯ ಮುದ್ರೆ ಒತ್ತಿದೆ. ಅದರಲ್ಲಿ ‘ಲೇಡೀಸ್ ಟೇಲರ್’ ಎಂದು ದಪ್ಪ ಅಕ್ಷರದಲ್ಲಿತ್ತು, ಅದನ್ನೂ ಯಾರೂ ಓದಲಿಲ್ಲ. ಮದುವೆ ಗಟ್ಟಿಯಾಯಿತು.

ಮದುವೆಗೆ ಹೋಗಿ ಪಂಕ್ತಿಯಲ್ಲಿ ಕುಳಿತೆ. ಪಕ್ಕದ ಸಾಲಿನಲ್ಲಿ ಬಳಗದ ಹುಡುಗರು ಮಾತಾಡುತ್ತಿದ್ದರು. “ಅಡ್ಮಿನ್ ಅಣ್ಣಗ ಮೊದಲ ಪತ್ರಿಕಿ ಕಳಿಸಿದ್ರು. ಬಂದಿಲ್ಲ ನೋಡು. ಸೊಕ್ಕು ಭಾಳ ಐತಿ ಅಂವಗ.”

“ಭಾಳ ಐತಿ” ಎಂದು ನಾನೂ ದನಿಗೂಡಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

೫. ಆಕಾಂಕ್ಷಿ

ಈ ವರ್ಷ ಮುಂಗೋಪಿಯ ಕಾಲು ಸೋತಿತು. “ಇನ್ನ ಓಡಸೂದಿಲ್ಲ. ಹತ್ತು ವರ್ಷ ದುಡದೈತಿ, ಕುಂತು ತಿನ್ಲಿ” ಎಂದು ಮಾಲೀಕ ಹೇಳಿದ. ಹೋರಿ ನಿಂತ ಮೇಲೆ ಪೇಜೂ ನಿಲ್ಲಬೇಕು ಎಂದು ಅವತ್ತೇ ನಿಶ್ಚಯ ಮಾಡಿದೆ. ಬೇರೆ ಹೋರಿಯ ಫೋಟೋ ಹಾಕಿ ನಡೆಸಿರಿ ಎಂದು ಕೆಲವರು ಬರೆದರು. ಆಗುವುದಿಲ್ಲ ಎಂದೆ. ಮುಂಗೋಪಿ ಎಂಬ ಹೆಸರು ಒಂದೇ ಮೈಗೆ ಅಳತೆ ತೆಗೆದು ಹೊಲಿದದ್ದು.

ಸುದ್ದಿ ಹಬ್ಬಿದ ಮೂರನೆಯ ದಿನ ಅಂಗಡಿಯ ಮುಂದೆ ಬಿಳಿ ಕಾರು ನಿಂತಿತು. ಮುಂದಿನ ಚುನಾವಣೆಗೆ ಟಿಕೆಟ್ಟಿನ ಆಕಾಂಕ್ಷಿಯೊಬ್ಬರು ಇಳಿದರು. ಹೇಗೋ ಅಡ್ಮಿನ್ ಇರುವ ಅಂಗಡಿ ಪತ್ತೆ ಹಚ್ಚಿದ್ದರು. ನನ್ನನ್ನು ದಾಟಿ, ಒಳಗೆ ಇಸ್ತ್ರಿ ಮಾಡುತ್ತಿದ್ದ ನನ್ನ ಗಂಡನಿಗೆ ಕೈ ಮುಗಿದರು.

“ಅಡ್ಮಿನ್ ಸಾಹೇಬ್ರ, ನಿಮ್ಮ ಪೇಜಿನ ವಿಷಯ ಮಾತಾಡಬೇಕಿತ್ತು.”

ನನ್ನ ಗಂಡ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದೇ ಹೇಳಿದ, “ನನಗ ಹೋರಿ ಕಂಡ್ರ ಅಂಜಿಕಿರಿ. ಆಕೀನ ಕೇಳ್ರಿ.”

ಆಕಾಂಕ್ಷಿ ಸಾವರಿಸಿಕೊಂಡು ನನ್ನ ಕಡೆ ತಿರುಗಿದರು. “ಪೇಜ್ ಯಾಕ ಬಂದ್ ಮಾಡ್ತೀರಿ ತಂಗಿ? ನಮಗ ಕೊಡ್ರಿ. ಇಷ್ಟು ಜನರ ಅಭಿಮಾನ ಹಾಳಾಗಬಾರದು. ಹೆಸರು ಒಂದೀಟು ಬದಲಿ ಮಾಡ್ತೇವಿ, ಅಷ್ಟ.”

“ಫೋಟೋ?”

“ಅದೂ ಬದಲಿ ಆಗತೈತಿ.”

“ಹೋರಿ ತೆಗದು ನಿಮ್ಮನ್ನ ಹಾಕತೀರಿ.”

“ಹಂಗ ಅನ್ನಬಹುದು.”

ನಾನು ಕತ್ತರಿ ಕೆಳಗಿಟ್ಟೆ. “ಸಾಹೇಬ್ರ, ಹತ್ತು ವರ್ಷ ಯಾರ ಕೈಗೂ ಸಿಗಲಿಲ್ಲ ಅಂತ ಜನ ಆ ಹೋರಿನ ಪ್ರೀತಿ ಮಾಡ್ಯಾರ. ನೀವು ಐದು ವರ್ಷದಾಗ ಮೂರು ಪಾರ್ಟಿ ಕೈಗೆ ಸಿಕ್ಕೀರಿ.”

ನನ್ನ ಗಂಡ ಹೆದರಿ ಇಸ್ತ್ರಿಯನ್ನು ಒಂದೇ ಕಡೆ ಇಟ್ಟುಬಿಟ್ಟ. ಅವತ್ತು ಸುಟ್ಟದ್ದು ಅವನದೇ ಅಂಗಿ.

೬. ಬೀಗ

ಮರುದಿನವೇ ಪುಕಾರು ಎದ್ದಿತು: ಅಡ್ಮಿನ್ ಅಣ್ಣ ಪೇಜನ್ನು ಆಕಾಂಕ್ಷಿಗೆ ಒಪ್ಪಿಸಿದ್ದಾನಂತೆ, ಅದಕ್ಕೇ ವಿದಾಯದ ನಾಟಕವಂತೆ. ನನಗೆ ಮೈಯೆಲ್ಲ ಉರಿಯಿತು. ಬರೆದೆ: ‘ಭಾನುವಾರ ಮುಂಜಾನೆ ಹಲಗೇರಿಗೆ ಬನ್ನಿ. ಮುಂಗೋಪಿಯ ಅಂಗಳದಲ್ಲಿ, ನಿಮ್ಮ ಕಣ್ಣೆದುರಿಗೆ ಅಳಿಸುತ್ತೇನೆ.’

ಬಂದರು. ಹಾವೇರಿಯ ಹುಡುಗರು ಈ ಸಲ ಕಪ್ಪು ಟೀ ಶರ್ಟಿನಲ್ಲಿ ಬಂದಿದ್ದರು. ಕಾಗಿನೆಲೆಯ ದಂಪತಿ ಬಂದರು. ಬ್ಯಾಡಗಿಯ ವ್ಯಾಪಾರಿಯೂ ಹೆಂಡತಿಯೊಂದಿಗೆ ಬಂದ, ನಾನು ಹೊಲಿದ ಜಂಪರನ್ನೇ ಅವಳು ತೊಟ್ಟಿದ್ದಳು. ಮುಂಗೋಪಿ ನಡುವೆ ಹಳೆಯ ಕೆಂಪು ಜೂಲಾ ಹೊದ್ದು ಮೆಲುಕು ಹಾಕುತ್ತಿತ್ತು. ಹಿಂದೆ ದೊಡ್ಡ ಫ್ಲೆಕ್ಸು: ‘ಅಡ್ಮಿನ್ ಅಣ್ಣನಿಗೆ ಅಭಿಮಾನದ ವಿದಾಯ.’ ನನ್ನ ಫೋಟೋ ಸಿಗದೆ ಒಂದು ಕಪ್ಪು ಆಕಾರ ಹಾಕಿಸಿ ಅದಕ್ಕೆ ಮೀಸೆ ಬಿಡಿಸಿದ್ದರು.

ನಾನು ಒಳಗೆ ಕಾಲಿಡುತ್ತಲೇ ಒಬ್ಬ ಹುಡುಗ, “ಅಕ್ಕಾರ, ಹೆಣ್ಮಕ್ಕಳು ಅಡಗಿ ಮನಿ ಕಡೆ ಕುಂದ್ರಿ” ಎಂದ.

ಮಾಲೀಕ ಎದ್ದ. “ಎಲ್ಲಿ ಕಳಸಾಕತ್ತಿ? ಆಕೀನ ಅಡ್ಮಿನ್.”

ಹಾವೇರಿಯ ಹುಡುಗನೊಬ್ಬ ಮಾಲೀಕನನ್ನು ಕೇಳಿದ, “ನಿಮಗ ಮೊದಲ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಮತ್ತ ಹೇಳಲಿಲ್ಲ?”

“ನೀವು ಕೇಳಲಿಲ್ಲ.”

ಬ್ಯಾಡಗಿಯ ವ್ಯಾಪಾರಿ ಎದ್ದು ಹತ್ತಿರ ಬಂದ. “ಹನ್ನೊಂದು ದಿನ ನನ್ನ ಜೋಡಿ ಜಗಳಾಡಿದ್ದು ನೀವ?”

“ನಾನ.”

ಅವನ ಹೆಂಡತಿ ನನ್ನನ್ನು ನೋಡಿದಳು, ತನ್ನ ಜಂಪರ್ ನೋಡಿಕೊಂಡಳು. “ಅವಂಗ ಹೆಂಡತಿ ಇಲ್ಲ ಅಂದಿದ್ರಿ” ಎಂದಳು.

“ಸುಳ್ಳೇನಿಲ್ಲ, ನೋಡ್ರಿ ಬೇಕಾದ್ರ” ಎಂದೆ.

ಆಮೇಲೆ ಅಣ್ಣನಿಗೆಂದು ತಂದ ರುಮಾಲನ್ನು ನನ್ನ ತಲೆಗೇ ಸುತ್ತಿದರು. ನಾನು ಮೊಬೈಲು ಹಿಡಿದು ನಿಂತೆ. “ಕೇಳ್ರಿ. ಮುಂಗೋಪಿ ಯಾರಿಗೂ ಸಿಗದ ಓಡಿ, ತಾನ ನಿಂತೈತಿ. ಪೇಜೂ ಹಂಗ ನಿಂದರತೈತಿ. ಯಾರ ಮೋರೆನೂ ಇದರ ಮ್ಯಾಲ ಬರೂದಿಲ್ಲ.” ಅಷ್ಟು ಹೇಳಿ ಗುಂಡಿ ಒತ್ತಿದೆ.

ಏನೂ ಆಗಲಿಲ್ಲ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಆ ಅಂಗಳದಲ್ಲಿ ನೆಟ್‌ವರ್ಕ್ ಇರಲಿಲ್ಲ. ಎಲ್ಲರೂ ನನ್ನ ಹಿಂದೆ ಬೇವಿನ ಮರದ ತನಕ ಬಂದರು. ಇಲ್ಲ. ಬಣವೆಯ ತನಕ ಬಂದರು. ಅಲ್ಲೂ ಇಲ್ಲ. “ಮಾಳಗಿ ಮ್ಯಾಲ ಬರತೈತಿ” ಎಂದ ಮಾಲೀಕ. ಏಣಿ ತಂದರು. ಹತ್ತು ವರ್ಷ ಹಬ್ಬದಲ್ಲಿ ಹೆಂಗಸರ ಜೊತೆ ಮಾಳಿಗೆಯ ಮೇಲೆ ನಿಂತೇ ಹೋರಿ ನೋಡಿದ್ದೆ. ರುಮಾಲು ಸುತ್ತಿಕೊಂಡು ಹತ್ತಿದ್ದು ಇದೇ ಮೊದಲು.

ಮೇಲೆ ಕೈ ಎತ್ತಿ ಹಿಡಿದೆ. ‘ಖಂಡಿತವಾಗಿ ಅಳಿಸಬೇಕೇ?’ ಎಂದು ಮೊಬೈಲು ಕೇಳಿತು. ಗಟ್ಟಿಯಾಗಿ ಓದಿ ಹೇಳಿದೆ.

“ಬ್ಯಾಡ” ಎಂದು ಇಡೀ ಅಂಗಳ ಕೂಗಿತು.

ಒತ್ತಿದೆ. ಹತ್ತು ವರ್ಷದ ಫೋಟೋ, ಜಗಳ, ಹುಟ್ಟುಹಬ್ಬ ಎಲ್ಲ ಹೋಯಿತು. ಕಣ್ಣಲ್ಲಿ ನೀರು ಬಂತು, ರುಮಾಲಿನ ಚುಂಗಿನಿಂದ ಒರೆಸಿಕೊಂಡೆ. ಕೆಳಗೆ ಎಲ್ಲರೂ ತಂತಮ್ಮ ಮೊಬೈಲು ತೆಗೆದು ನೋಡಿದರು. ನೋಡಲು ಏನೂ ಇರಲಿಲ್ಲ. ಮೊಬೈಲು ಜೇಬಿಗಿಟ್ಟು ಎದುರಿಗಿದ್ದ ಹೋರಿಯನ್ನು ನೋಡತೊಡಗಿದರು.

ಬ್ಯಾಡಗಿಯ ವ್ಯಾಪಾರಿ ಅದರ ಸುತ್ತ ಒಂದು ಸುತ್ತು ಬಂದ. ನಿಂತ. ಕತ್ತೆತ್ತಿ ನನ್ನನ್ನು ಕೇಳಿದ, “ಈ ಜೂಲಾ ಯಾರು ಹೊಲದಾರ್ರಿ?”

ಹತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಕೇಳಿದ್ದ. ನನ್ನ ಎದೆ ತುಂಬಿಬಂತು. “ನಾನರಿ” ಎಂದೆ.

ಅವನು ಬಗ್ಗಿ ಇನ್ನೊಮ್ಮೆ ನೋಡಿದ. “ಎಡಗಡೆ ಅಂಚು ಸೊಟ್ಟ ಐತಿ.”

“ಅಂಚು ನೆಟ್ಟಗ ಐತಿ” ಎಂದೆ ಮೇಲಿನಿಂದ. “ಹೋರಿ ಸೊಟ್ಟ ನಿಂತೈತಿ.”

“ಹೋರಿ ನೆಟ್ಟಗ ನಿಂತೈತ್ರಿ. ಬೇಕಾದ್ರ ಫೋಟೋ ತಗದು ಗೆರಿ ಹಾಕಿ ತೋರಸ್ತೇನಿ.”

“ತಗೀರಿ. ನಾನೂ ತಗೀತೇನಿ.”

ಅವನ ಹೆಂಡತಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಅಡುಗೆ ಮನೆಯ ಕಡೆ ನಡೆಯುತ್ತ ಹೇಳಿದಳು, “ಇವರಿಗೆ ಇಲ್ಲೇ ಉಣ್ಣಾಕ ನೀಡ್ರೆವ್ವಾ. ಇನ್ನ ಹನ್ನೊಂದು ದಿನ ಮನ್ಯಾಗ ಉಂಬೂದಿಲ್ಲ.”