ಕ್ಲಬ್‌ಹೌಸಿನ ಕೀಲಿಕೈಯೂ ನನ್ನ ಮಲಬದ್ಧತೆಯೂ

ಹೊಸ ತಿಪ್ಪಸಂದ್ರದ ಹೊಂಬೆಳಕು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಕಾರ್ಯದರ್ಶಿಗಳೂ, ದಿನವೂ ಬೆಳಿಗ್ಗೆ ಆರೂಕಾಲಕ್ಕೆ ನನ್ನ ಕೈಯ ಅಗಸೆಬೀಜದ ರಾಗಿ ಗಂಜಿ ಕುಡಿದು ಆರೂವರೆಗೆ ಹಗುರಾಗುವವರೂ ಆದ ಶ್ರೀ ಕೆಂಪರಾಜ್ ಅವರ ದಿವ್ಯ ಸನ್ನಿಧಾನಕ್ಕೆ, ತಮ್ಮ ಮನೆಯೂ ಸೇರಿ ಮೂರು ಮನೆಗಳ ಅಡುಗೆಯ ಗೋವಿಂದಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಕಳೆದ ತಿಂಗಳು ಕ್ಲಬ್‌ಹೌಸಿನಲ್ಲಿ ಮನೆಗೆಲಸದವರಿಗಾಗಿ ತಾವು ಏರ್ಪಡಿಸಿದ್ದ ‘ಮಲಬದ್ಧತೆ ಮತ್ತು ನಾವು’ ಶಿಬಿರಕ್ಕೆ ನಾನು ಜನ್ಮವಿಡೀ ಋಣಿ. ಹೊಟ್ಟೆ ಕಟ್ಟುವುದಕ್ಕೂ ಥೈರಾಯ್ಡಿಗೂ, ಸಕ್ಕರೆ ಕಾಯಿಲೆಗೂ, ಮೂಲವ್ಯಾಧಿಗೂ, ಮನಸ್ಸಿನ ಬೇಸರಕ್ಕೂ ನಂಟಿದೆಯೆಂದು ಡಾಕ್ಟರಮ್ಮ ಪರದೆಯ ಮೇಲೆ ಬಣ್ಣಬಣ್ಣದ ಕರುಳು ತೋರಿಸಿ ವಿವರಿಸಿದರು. ಬಂದಾಗ ತಡೆದುಕೊಳ್ಳಲೇಬಾರದು ಎಂದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ತಾವು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಿರಿ, ನೀರು ಒಳ್ಳೆಯದೆಂದು ನಮಗೆಲ್ಲ ಎರಡೆರಡು ಲೋಟ ಕುಡಿಸಿದಿರಿ. ಆ ಎರಡು ಗಂಟೆಯ ಜ್ಞಾನಯಜ್ಞದಲ್ಲಿ ನಾವು ಹನ್ನೊಂದು ಹೆಂಗಸರು ಕಾಲ ಮೇಲೆ ಕಾಲು ಹಾಕಿ ಕುಳಿತದ್ದು ದೌಲತ್ತಿನಿಂದಲ್ಲ ಸ್ವಾಮಿ. ಹತ್ತು ಹೆಜ್ಜೆ ದೂರದ ಶೌಚಾಲಯಕ್ಕೆ ಬೀಗ ಬಿದ್ದಿತ್ತು, ‘ನಿವಾಸಿಗಳಿಗೆ ಮಾತ್ರ’ ಎಂಬ ಬೋರ್ಡಿನ ಕೆಳಗೆ ತಮ್ಮದೇ ದಪ್ಪ ಸಹಿಯಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತ ಹಿರಿಯರು ತಮ್ಮನ್ನು ನೋಡದೆಯೇ ಹೇಗೆ ಹೇಳಿದರೋ!

ಬೈಯಪ್ಪನಹಳ್ಳಿಯ ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ಕಕ್ಕಸು. ಸಾಲಿನಲ್ಲಿ ನಿಂತರೆ ತಮ್ಮ ಗಂಜಿ ತಡವಾಗುತ್ತದೆಂದು ನಾನು ಹಾಗೇ ಹೊರಟು ಬಂದು, ಮನೆಗಳೊಳಗಿನ ಕಕ್ಕಸೂ ಕೆಲಸದವರಿಗಲ್ಲವಾದ್ದರಿಂದ ಮಧ್ಯಾಹ್ನ ಎರಡರವರೆಗೆ ತಡೆದುಕೊಂಡೇ ಮೂರು ಮನೆಯ ಒಲೆ ನೋಡುತ್ತೇನೆ. ಆರು ವರ್ಷ ತಡೆದೂ ತಡೆದೂ, ಬರುವುದಕ್ಕೂ ಬೇಸರವಾಗಿ ಈಗ ಅದು ಬರುವುದನ್ನೇ ಬಿಟ್ಟಿದೆ. ತಿಣುಕಿ ತಿಣುಕಿ ಮೂಲವ್ಯಾಧಿಯಾಯಿತು, ಮೂಲವ್ಯಾಧಿಯಿಂದ ರಕ್ತ ಹೋಯಿತು. ರಕ್ತ ಕಡಿಮೆಯೆಂದು ತಮ್ಮ ಶಿಬಿರದಲ್ಲಿ ಕಬ್ಬಿಣಾಂಶದ ಮಾತ್ರೆ ಕೊಟ್ಟರು, ಆ ಮಾತ್ರೆಗೆ ಹೊಟ್ಟೆ ಇನ್ನೂ ಕಲ್ಲಾಗಿ ಮತ್ತೆ ತಿಣುಕು, ಮತ್ತೆ ರಕ್ತ. ಹೀಗೇ ಆದರೆ ಆಪರೇಷನ್ನೇ ಗತಿ ಎಂದು ಹಲಸೂರಿನ ಡಾಕ್ಟರು ಹೇಳಿಬಿಟ್ಟಿದ್ದಾರೆ. ನನಗೆ ಭಯವಾಗಿದೆ, ಮಾನ್ಯರೇ. ಭಯಕ್ಕಿಂತ ಹೆಚ್ಚು ಸಿಟ್ಟು ಬಂದಿದೆ.

ಈ ಅಪಾರ್ಟ್‌ಮೆಂಟಿನ ಜಾಗ ತಮ್ಮ ತಾತನವರ ರಾಗಿ ಹೊಲವಾಗಿದ್ದಾಗ ನಮ್ಮಜ್ಜಿ ಪಿಳ್ಳಮ್ಮ ಇಲ್ಲಿಗೆ ಕಳೆ ಕೀಳಲು ಬರುತ್ತಿದ್ದಳು. ಬಾವಿ ಮುಟ್ಟುವಂತಿರಲಿಲ್ಲವಂತೆ, ಆದರೆ ಬೇಲಿಯ ಮರೆಗೆ ಹೋಗಲು ಯಾರ ಸಹಿಯೂ ಬೇಕಿರಲಿಲ್ಲವಂತೆ. ಈಗ ಬೇಲಿ ಹೋಗಿ ಕನ್ನಡಿಯಂಥ ಟೈಲ್ಸಿನ ಶೌಚಾಲಯ ಬಂದಿದೆ, ಅದನ್ನು ಉಜ್ಜುವವಳೂ ನಮ್ಮ ಕಡೆಯ ಹೆಂಗಸೇ. ಉಜ್ಜಲು ಒಳಗೆ ಹೋಗಬಹುದು, ಕೂರಲು ಹೋಗಬಾರದು ಎಂಬ ತಮ್ಮ ಸೂಕ್ಷ್ಮಬುದ್ಧಿಗೆ ಯಾವ ಸನ್ಮಾನ ಮಾಡಿದರೂ ಕಡಿಮೆಯೇ.

ಆ ಶೌಚಾಲಯದ ಕೀಲಿಕೈ ಗೇಟಿನ ಸೆಕ್ಯುರಿಟಿ ನಜೀರ್ ಅವರ ತಲೆಯ ಮೇಲಿನ ಮೊಳೆಯಲ್ಲೇ ನೇತಾಡುತ್ತದೆ. ಕೇಳಿದರೆ ಆ ಪುಣ್ಯಾತ್ಮ ಕಣ್ಣು ತಗ್ಗಿಸಿ, ಕೊಟ್ಟರೆ ನನ್ನ ಕೆಲಸ ಹೋಗುತ್ತಮ್ಮ ಎನ್ನುತ್ತಾರೆ. ಕೀಲಿಕೈ ಕೊಡುವುದು ತಮ್ಮ ಘನತೆಗೆ ಒಗ್ಗದಿದ್ದರೆ, ದಯವಿಟ್ಟು ಗೇಟಿನ ಆ್ಯಪ್‌ನಲ್ಲಿ ನನ್ನ ಕರುಳನ್ನು ಅತಿಥಿಯೆಂದು ನೋಂದಾಯಿಸಿ. ಅಥವಾ ಚಪ್ಪಲಿಯ ಹಾಗೆ ಅದನ್ನೂ ಗೇಟಿನ ಹೊರಗೇ ಬಿಟ್ಟು ಬರಲು ಒಂದು ಸ್ಟ್ಯಾಂಡ್ ಮಾಡಿಸಿ. ಅದೂ ಆಗದಿದ್ದರೆ, ಕೆಲಸದವರಿಗೆ ಆರರಿಂದ ಎರಡರವರೆಗೆ ಬರಕೂಡದೆಂದು ಮುಂದಿನ ಸಭೆಯಲ್ಲಿ ಠರಾವು ಪಾಸು ಮಾಡಿ, ನಮ್ಮ ಹೊಟ್ಟೆಗಳ ಮುಂದೆ ತಾವೇ ನಿಂತು ಓದಿ ಹೇಳಿ. ತಮ್ಮ ಸಹಿ ಕಂಡರೆ ಅವೂ ಹೆದರಿಯಾವು.

ಇಂತಿ,
ತಮ್ಮ ಹೊಟ್ಟೆಯನ್ನು ತಮಗಿಂತ ಚೆನ್ನಾಗಿ ಬಲ್ಲ,
ತಮ್ಮ ವಿಶ್ವಾಸಿ,
ಗೋವಿಂದಮ್ಮ

ಮರೆತಿದ್ದ ಮಾತು: ಸೋಮವಾರದಿಂದ ನಾವು ಹನ್ನೊಂದು ಜನರೂ ಅವರವರ ವಠಾರದ ಸಾಲಿನಲ್ಲಿ ನಿಂತು, ಡಾಕ್ಟರಮ್ಮ ಹೇಳಿಕೊಟ್ಟಂತೆ ಸ್ವಲ್ಪವೂ ಅವಸರ ಮಾಡದೆ, ನಮ್ಮದು ಮುಗಿಸಿಕೊಂಡೇ ಕೆಲಸಕ್ಕೆ ಬರುವುದೆಂದು ತೀರ್ಮಾನಿಸಿದ್ದೇವೆ. ತಮ್ಮ ಗಂಜಿ ಒಂಬತ್ತಕ್ಕಾಗಬಹುದು, ಹತ್ತಕ್ಕಾಗಬಹುದು. ಅಲ್ಲಿಯವರೆಗೆ ತಿಣುಕಬೇಡಿ, ರಕ್ತ ಬರುತ್ತದೆ.